ಫ್ಯಾನ್ ತಿರುಗ್ತಿದೆ ಸರಿ, ಗಾಳಿ ಯಾವ ಕಡೆಗೆ?

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಹೆಸರಿಲ್ಲ. ಬೋರ್ಡಿನಲ್ಲಿ ಆಟೋ ಎಲೆಕ್ಟ್ರಿಕಲ್ ವರ್ಕ್ಸ್ ಅಂತ ಮಾತ್ರ ಉಳಿದಿದೆ. ಅದರ ಮೇಲಿನ ಸಾಲು ಬಿಸಿಲಿಗೆ ಅಳಿಸಿಹೋಗಿದೆ. ಮೈಸೂರಿನ ಬನ್ನಿಮಂಟಪದ ಕಡೆ ಒಂದು ಅಡ್ಡರಸ್ತೆಯಲ್ಲಿ, ಟೈರ್ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಸಿಕ್ಕಿಕೊಂಡ ಹತ್ತಡಿ ಜಾಗ. ಒಳಗೆ ಒಂದು ಕಾರೂ ಹಿಡಿಸುವುದಿಲ್ಲ. ರಿಪೇರಿಯೆಲ್ಲ ಹೊರಗೆ ಹೊಂಗೆ ಮರದ ಕೆಳಗೆ. ನಡೆಸುವವರನ್ನು ಅಕ್ಕಪಕ್ಕದವರು ಭಾಯ್ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ನನ್ನ ಮಾರುತಿ 800 ಕಾರಿನ ಜ್ವರ, ಅಂದರೆ ನಿಂತಾಗ ಇಂಜಿನ್ ವಿಪರೀತ ಬಿಸಿಯಾಗುವ ಕಾಯಿಲೆ, ಬಿಡಿಸಿದವರು ಇವರು. ಅದಕ್ಕೆ ತಗೊಂಡದ್ದು 350 ರೂಪಾಯಿ. ಅದಕ್ಕೂ ಮುಂಚೆ ಮೂರು ಕಡೆ ತೋರಿಸಿ ನಾನು ಕಳೆದದ್ದು 2,800. ಕಾಯಿಲೆ ಮಾತ್ರ ಹಾಗೇ ಇತ್ತು.

ಜ್ವರ ಅನ್ನುವ ಮಾತು ನನಗೆ ತಾನಾಗಿ ಬರುತ್ತದೆ, ಯಾಕೆಂದರೆ ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗಾಡಿ ನಮ್ಮ ಮಾವನವರದು. 1997ರ ಮಾಡೆಲ್, ಬಿಳಿ ಬಣ್ಣ, ಕಾರ್ಬುರೇಟರ್ ಇಂಜಿನ್, ನಾಲ್ಕೇ ಗೇರು, ಎಸಿ ಇಲ್ಲ. ಮಾವ ಹೋದ ಮೇಲೆ ಮಾರಿಬಿಡೋಣ ಅಂತ ಮನೆಯಲ್ಲಿ ಎಲ್ಲರೂ ಅಂದರು. ನೈಟ್ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವವಳು ನಾನು ತಾನೇ? ಮಾರಲಿಲ್ಲ. 2022ರಲ್ಲಿ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಹೋದಾಗ ಏಪ್ರಿಲ್ ದಾಟಿಬಿಟ್ಟಿತ್ತು. ಹಾಗಾಗಿ 600 ಇದ್ದ ಫೀಸು 5,000 ಆಗಿತ್ತು. ಅದನ್ನೂ ಕಟ್ಟಿ ಉಳಿಸಿಕೊಂಡ ಗಾಡಿ ಇದು.

ತೊಂದರೆ ಗೊತ್ತಾದದ್ದು 2024ರ ಮಾರ್ಚ್‌ನಲ್ಲಿ. ಮೆಟ್ರೊಪೋಲ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಟೆಂಪರೇಚರ್ ಮುಳ್ಳು ನಡುವೆ ಇರುವುದು ಬಿಟ್ಟು ಮೇಲೆ ಹೋಗುತ್ತಿತ್ತು. ಗ್ರೀನ್ ಬಿತ್ತು, ಹೊರಟೆ, ಒಂದು ಫರ್ಲಾಂಗ್ ಹೋಗುವಷ್ಟರಲ್ಲಿ ಮುಳ್ಳು ಇಳಿಯಿತು. ಗೇಜೇ ಕೆಟ್ಟಿರಬೇಕು ಅಂದುಕೊಂಡೆ. ವಾರ್ಡಿನಲ್ಲಿ ಯಾರಾದರೂ ರೋಗಿಗೆ 103 ತೋರಿಸಿದರೆ ಥರ್ಮಾಮೀಟರ್ ಕೆಟ್ಟಿದೆ ಅಂತ ನಾನು ಸುಮ್ಮನಿರುತ್ತೇನಾ? ಗಾಡಿ ವಿಷಯಕ್ಕೆ ಸುಮ್ಮನಿದ್ದೆ.

ಆಮೇಲೆ ಯುಗಾದಿ ಬಂತು. ಏಪ್ರಿಲ್ 9. ಮಗಳ ಮನೆಗೆ ಅಂತ ಬೆಂಗಳೂರಿಗೆ ಹೊರಟೆವು. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಎಲ್ಲರೂ ನನ್ನನ್ನು ಹಿಂದೆ ಹಾಕಿಕೊಂಡು ಹೋಗುತ್ತಿದ್ದರು, ನಾನು 70ರಲ್ಲಿ ಆರಾಮಾಗಿ ಹೋಗುತ್ತಿದ್ದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲ ದಾಟಿದರೂ ಮುಳ್ಳು ಅಲ್ಲಾಡಲಿಲ್ಲ. ಕೆಂಗೇರಿ ದಾಟಿ ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತ ಹತ್ತೇ ನಿಮಿಷಕ್ಕೆ ಮುಳ್ಳು ಎಚ್ (ಹಾಟ್) ಮುಟ್ಟಿತು. ಬಾನೆಟ್ ಸಂದಿಯಿಂದ ಹಬೆ. ಪಕ್ಕದ ಆಟೋದವರು ಇಳಿದು ಬಂದು ತಳ್ಳಿಕೊಟ್ಟರು. ಒಬ್ಬರು ಇಂಜಿನಿನ ನೀರು ತಣ್ಣಗಾಗಿಸುವ ರೇಡಿಯೇಟರಿನ ಕ್ಯಾಪಿಗೆ ಕೈ ಹಾಕೋಕೆ ಹೋದಾಗ ನಾನು ಕಿರುಚಿದ ರೀತಿಗೆ ನಮ್ಮ ಯಜಮಾನರಿಗೇ ಮುಜುಗರವಾಯಿತಂತೆ.

ಕಿರುಚದೆ ಏನು ಮಾಡಲಿ? ಬಿಸಿ ರೇಡಿಯೇಟರ್ ಕ್ಯಾಪ್ ತೆಗೆದು ಮುಖ, ಕತ್ತು, ಎದೆ ಸುಟ್ಟುಕೊಂಡು ಬಂದವರಿಗೆ ನಾನೇ ಡ್ರೆಸಿಂಗ್ ಮಾಡಿದ್ದೇನೆ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಸಲಕರಣೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ 15 ಪೌಂಡ್ ಒತ್ತಡ ಕೊಟ್ಟರೆ ಹಬೆ 121 ಡಿಗ್ರಿಗೆ ಹೋಗುತ್ತದೆ. ನನ್ನ ಗಾಡಿಯ ಕ್ಯಾಪಿನ ಮೇಲೆ 0.9 ಅಂತ ಅಚ್ಚಾಗಿದೆ, ಅಂದರೆ ಸುಮಾರು 13 ಪೌಂಡ್. ಕ್ಯಾಪ್ ಮುಚ್ಚಿರುವವರೆಗೆ ನೀರು 100 ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ಬಿಚ್ಚಿದ ಕ್ಷಣ ಒತ್ತಡ ಹೋಗುತ್ತದೆ, ಅಷ್ಟೂ ನೀರು ಒಟ್ಟಿಗೆ ಕುದಿದು ಚಿಮ್ಮುತ್ತದೆ. ಬಟ್ಟೆ ಹಿಡಿದು ತೆಗೆದರೂ ಅಷ್ಟೇ. ಇಂಜಿನ್ ಆಫ್ ಮಾಡಿ, ಮುಕ್ಕಾಲು ಗಂಟೆ ಕಾಯಿರಿ. ಹಬ್ಬದ ಊಟ ತಣ್ಣಗಾದರೆ ಆಗಲಿ.

ವಾಪಸ್ ಬಂದ ಮೇಲೆ ಶುರುವಾಯಿತು ಗ್ಯಾರೇಜ್ ಯಾತ್ರೆ. ಮನೆ ಹತ್ತಿರದ ಮೆಕ್ಯಾನಿಕ್ ಹತ್ತು ನಿಮಿಷ ನೋಡಿ, ಥರ್ಮೋಸ್ಟ್ಯಾಟ್ (ಇಂಜಿನಿನ ನೀರು ತಡೆದು ಬಿಡುವ ಬಾಗಿಲು) ತೆಗೆದು ಕೈಗೆ ಕೊಟ್ಟರು. ನಮ್ಮ ಕಡೆ ಬಿಸಿಲಿಗೆ ಇದು ಬೇಕಾಗಿಲ್ಲ ಮೇಡಂ ಅಂದರು. 400 ರೂಪಾಯಿ. ಮುಳ್ಳು ಮೊದಲಿಗಿಂತ ನಿಧಾನವಾಗಿ ಏರತೊಡಗಿತು, ಆದರೆ ಏರುವುದು ತಪ್ಪಲಿಲ್ಲ. ಮೇಲಾಗಿ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಇಂಜಿನ್ ಬಿಸಿಯೇ ಆಗದೆ ಚೋಕ್ ಎಳೆದುಕೊಂಡೇ ಓಡಿಸಬೇಕಾಯಿತು. ಪೆಟ್ರೋಲ್ ಬೇರೆ ಜಾಸ್ತಿ ಕುಡಿಯಿತು. ಬೆಳಿಗ್ಗೆ ಶೀತ, ಮಧ್ಯಾಹ್ನ ಜ್ವರ.

ಎರಡನೆಯದು ರೇಡಿಯೇಟರ್ ಅಂಗಡಿ. ಅವರ ಮೇಲೆ ನನಗೆ ದೂರಿಲ್ಲ. ಟ್ಯಾಂಕ್ ಬಿಚ್ಚಿ, ಕಡ್ಡಿ ಹಾಕಿ ತೊಳೆದು, ಬೆಸುಗೆ ಹಾಕಿ ಕೊಟ್ಟರು. ತುಕ್ಕಿನ ಕೆಸರು ಒಂದು ಮಗ್ಗಿನಷ್ಟು ಬಂತು, ಕಣ್ಣಾರೆ ನೋಡಿದೆ. 1,900 ರೂಪಾಯಿ. ಮಾಡಲೇಬೇಕಾಗಿದ್ದ ಕೆಲಸ, ಆದರೆ ಕಾಯಿಲೆ ಅದಲ್ಲ.

ಮೂರನೆಯದು ದೊಡ್ಡ ವರ್ಕ್‌ಶಾಪು. ಎಸಿ ರೂಮು, ಕಾಫಿ ಮಿಷನ್ನು, ಸೋಫಾ. ಸಲಹೆಗಾರರು ಅಂತ ಒಬ್ಬ ಹುಡುಗ ಬಂದು, ಸಾರ್ ಬಂದಿಲ್ವಾ ಮೇಡಂ ಅಂತ ಕೇಳಿದ. ಇಲ್ಲಪ್ಪ, ಗಾಡಿ ಓಡಿಸೋದು ನಾನು ಅಂದೆ. ಒಂದು ಗಂಟೆ ಬಿಟ್ಟು ಬಂದು, ಹೆಡ್ ಗ್ಯಾಸ್ಕೆಟ್ (ಇಂಜಿನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್, ಅಂದರೆ ಉಜ್ಜಿ ಮಟ್ಟ ಮಾಡಿಸಬೇಕು ಅಂದು 18,500ರ ಎಸ್ಟಿಮೇಟ್ ಕೊಟ್ಟ. ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಹಳೇ ಗಾಡಿ ಅಲ್ವಾ ಮೇಡಂ ಅಂದ. ಅಷ್ಟೇ ಕಾರಣ. ನೋಡಿದ್ದಕ್ಕೆ 500 ಕೊಟ್ಟು ಬಂದೆ. ವಯಸ್ಸಾದವರು ಎದೆನೋವು ಅಂದಾಗ, ವಯಸ್ಸಾಯ್ತು ಅಜ್ಜಿ ಅಂತ ಇಸಿಜಿ ತೆಗೆಯದೆ ಕಳಿಸುವವರನ್ನು ನಾನು ನೋಡಿದ್ದೇನೆ. ಅದೇ ಸಿಟ್ಟು ಬಂತು.

ಈ ಮೂರೂ ಕಡೆ, ರೇಡಿಯೇಟರಿಗೆ ಗಾಳಿ ಹಾಯಿಸುವ ಫ್ಯಾನ್ ಬಗ್ಗೆ ಒಂದು ಮಾತು ಮಾತ್ರ ತಪ್ಪದೆ ಕೇಳಿದೆ. ಫ್ಯಾನ್ ಓಡ್ತಿದೆ ಮೇಡಂ, ಫ್ಯಾನ್ ಚೆನ್ನಾಗಿದೆ.

ಆವತ್ತು ರಾತ್ರಿ ಡ್ಯೂಟಿಯಲ್ಲಿ ಕೂತಾಗ ಅನಿಸಿತು, ನಾನೇ ಯಾಕೆ ಚಾರ್ಟ್ ಹಾಕಬಾರದು? ರೋಗಿಯ ಜ್ವರ, ನಾಡಿ, ಉಸಿರಾಟ ಗುರುತಿಸುವ ಟಿಪಿಆರ್ ಚಾರ್ಟ್ ಬರೆದೂ ಬರೆದೂ ಕೈ ಸವೆದಿದೆ. ಒಂದು ಹಾಳೆಗೆ ಗೆರೆ ಹಾಕಿದೆ. ಸಮಯ, ನಿಂತಿದೆಯಾ ಓಡುತ್ತಿದೆಯಾ, ಮುಳ್ಳು ಎಲ್ಲಿ, ಫ್ಯಾನ್ ಸದ್ದು ಇದೆಯಾ ಇಲ್ಲವಾ. ಮುಳ್ಳಿನ ಜಾಗಕ್ಕೆ ಸಿ (ಕೋಲ್ಡ್) ಇಂದ ಎಚ್‌ವರೆಗೆ ಎಂಟು ಭಾಗ ಮಾಡಿಕೊಂಡೆ. ಹತ್ತು ದಿನ ಬರೆದೆ. ಚುನಾವಣೆ ಸಮಯ ಬೇರೆ. ಒಂದು ದಿನ ಮೆರವಣಿಗೆ ಅಂತ ಇರ್ವಿನ್ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡೆ. ಬೇರೆಯವರು ಹಾರ್ನ್ ಹೊಡೆಯುತ್ತಿದ್ದರೆ ನಾನು ಸೆಕೆಂಡ್ ಮುಳ್ಳಿನ ವಾಚ್ ನೋಡಿಕೊಂಡು ಬರೆಯುತ್ತಿದ್ದೆ. ಚಾಮುಂಡಿ ಬೆಟ್ಟಕ್ಕೂ ಹೋಗಿ ಒಂದು ರೀಡಿಂಗ್ ತಗೊಳ್ಳಬೇಕಿತ್ತು. ಧೈರ್ಯ ಬರಲಿಲ್ಲ.

ಚಾರ್ಟ್ ನೋಡಿದರೆ ಎರಡು ವಿಷಯ ಕಾಣುತ್ತಿತ್ತು. 40ರ ಮೇಲೆ ಓಡುತ್ತಿದ್ದರೆ ಜ್ವರವೇ ಇಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಎರಡನೆಯದು ವಿಚಿತ್ರ. ನಿಂತಾಗ ಮುಳ್ಳು ನಾಲ್ಕರಿಂದ ಐದಕ್ಕೆ ಏರಲು ಆರೇಳು ನಿಮಿಷ ಬೇಕು. ಐದು ದಾಟುತ್ತಿದ್ದ ಹಾಗೆ ಫ್ಯಾನ್ ಸದ್ದು ಶುರು. ಅಲ್ಲಿಂದ ಏಳಕ್ಕೆ ಏರಲು ಮೂರೇ ನಿಮಿಷ! ಫ್ಯಾನ್ ಬಂದ ಮೇಲೆ ಜ್ವರ ಇಳಿಯಬೇಕು ಅಲ್ವಾ? ಇಲ್ಲಿ ಬೇಗ ಏರುತ್ತಿತ್ತು. ಒಮ್ಮೆ ಶುರುವಾದ ಫ್ಯಾನ್ ನಿಲ್ಲುತ್ತಲೂ ಇರಲಿಲ್ಲ. ನಾನು ಬರೆದದ್ದೇ ತಪ್ಪಿರಬೇಕು ಅಂತ ಇನ್ನೆರಡು ದಿನ ಬರೆದೆ. ಅದೇ ಬಂತು.

ಭಾಯ್ ಅಂಗಡಿ ತೋರಿಸಿದ್ದು ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ವೈರ್ ಕೆಲಸ ಆದ್ರೆ ಅಲ್ಲಿಗೇ ಹೋಗಿ ಸಿಸ್ಟರ್, ಇಂಜಿನ್ ಕೆಲಸ ಅವರು ಮುಟ್ಟಲ್ಲ ಅಂದರು. ವೈರ್ ಕೆಲಸವೋ ಅಲ್ಲವೋ ನನಗೇನು ಗೊತ್ತು, ಆದರೂ ಮೇ ಮೊದಲ ವಾರ ಒಂದು ಸೋಮವಾರ ಹೋದೆ. ಹತ್ತು ಗಂಟೆಗೆ ಹೋದರೆ ಮುಂದೆ ಎರಡು ಆಟೋ, ಒಂದು ಟಾಟಾ ಏಸ್. ನನ್ನ ಸರದಿ ಬಂದಾಗ ಹನ್ನೆರಡೂವರೆ.

ಅವರ ಮೊದಲ ಪ್ರಶ್ನೆ, "ನಿಂತಾಗ ಮಾತ್ರಾನಾ, ಓಡುವಾಗ್ಲೂ ಬರ್ತದಾ?"

ನಾನು ಮಾತಾಡದೆ ಚಾರ್ಟ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಇಷ್ಟು ದಿನದಲ್ಲಿ ಗಾಡಿ ಬಗ್ಗೆ ನಾನು ಹೇಳಿದ್ದನ್ನು ಕೊನೆವರೆಗೆ ಕೇಳಿಸಿಕೊಂಡ ಮೊದಲನೇ ಮನುಷ್ಯ. ಫ್ಯಾನ್ ಅಂತ ಬರೆದ ಕಾಲಮ್ಮಿನ ಮೇಲೆ ಬೆರಳಿಟ್ಟು, "ಫ್ಯಾನ್ ಯಾವಾಗ ಹಾಕ್ಸಿದ್ರಿ?" ಅಂದರು.

ನಾನು ಫ್ಯಾನ್ ಬದಲಾಯಿಸಿದ್ದೇನೆ ಅಂತ ಎಲ್ಲೂ ಬರೆದಿರಲಿಲ್ಲ. ಮರೆತೇಬಿಟ್ಟಿದ್ದೆ. ಜನವರಿಯಲ್ಲಿ ಫ್ಯಾನ್ ಮೋಟಾರ್ ಗರಗರ ಅಂತ ನಿಂತುಹೋಗಿತ್ತು. ಮನೆ ಹತ್ತಿರದ ಅದೇ ಗ್ಯಾರೇಜಿನಲ್ಲಿ 1,600 ಕೊಟ್ಟು ಬೇರೆ ಹಾಕಿಸಿದ್ದೆ. ಕಂಪನಿ ಮಾಲು ಸಿಗಲಿಲ್ಲ ಅಂತ ಲೋಕಲ್ ಮೋಟಾರು. ಚಳಿಗಾಲ, ಮನೆಯಿಂದ ಆಸ್ಪತ್ರೆಗೆ ನಾಲ್ಕು ಕಿಲೋಮೀಟರು. ಫ್ಯಾನಿಗೆ ಕೆಲಸವೇ ಬಿದ್ದಿರಲಿಲ್ಲ. ಕೇಸ್ ಹಿಸ್ಟರಿಯಲ್ಲಿ ಹಿಂದಿನ ಆಪರೇಷನ್ ಬರೆಯದೆ ಬಿಟ್ಟ ನರ್ಸು ನಾನು. ಸ್ಟೂಡೆಂಟ್ ಹುಡುಗಿಯರು ಹೀಗೆ ಮಾಡಿದ್ದರೆ ಬೈದು ಅಳಿಸುತ್ತಿದ್ದೆ.

ಆಮೇಲೂ ಅವರು ಫ್ಯಾನಿಗೆ ನೇರವಾಗಿ ಕೈ ಹಾಕಲಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ. ಅನುಮಾನ ಒಂದರ ಮೇಲಿದ್ದರೂ ಮಿಕ್ಕಿದ್ದನ್ನೆಲ್ಲ ಒಂದೊಂದಾಗಿ ನೋಡಿ ಪಕ್ಕಕ್ಕಿಟ್ಟರು. ಮೊದಲು, ಟೀ ಕುಡಿದು ಬನ್ನಿ ಅಂತ ಕಳಿಸಿದರು, ಇಂಜಿನ್ ತಣ್ಣಗಾಗಲಿ ಅಂತ. ವಾಪಸ್ ಬಂದಾಗ ಕ್ಯಾಪ್ ಬಿಚ್ಚಿದ್ದರು. ನೀರು ಕತ್ತಿನವರೆಗೆ ಇತ್ತು, ಆದರೆ ಬರೀ ನೀರು, ಅದಕ್ಕೆ ಬೆರೆಸಬೇಕಾದ ಕೂಲೆಂಟ್ ದ್ರವ ಇಲ್ಲ. ತೊಳೆದ ಮೇಲೆ ಯಾರೂ ಹಾಕಿರಲಿಲ್ಲ. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿಸಿ, ಬಾಯಿಯೊಳಗೆ ನೋಡುತ್ತಾ ನಿಂತರು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿ ಗುಳುಗುಳು ಅಂತ ಬಿಡದೆ ಬರುತ್ತದಂತೆ. ಶುರುವಿನಲ್ಲಿ ಎರಡು ಗುಳ್ಳೆ ಬಂತು, ಅದು ಒಳಗೆ ಉಳಿದ ಗಾಳಿ ಅಂದರು. ಆಮೇಲೆ ನೀರು ತೆಪ್ಪಗಿತ್ತು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತೋರಿಸಿದರು. ನೀರು ಬೆರೆತಿದ್ದರೆ ಅಲ್ಲಿ ಕಾಫಿಗೆ ಹಾಲು ಹಾಕಿದ ಬಣ್ಣದ ಕೆನೆ ಕಟ್ಟಿರಬೇಕು. ಇರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. "ಗ್ಯಾಸ್ಕೆಟ್ ಬರಾಬರ್ ಇದೆ ಮೇಡಂ." 18,500 ರೂಪಾಯಿ ಅಲ್ಲಿಗೆ ಉಳಿಯಿತು. ಇದಕ್ಕೆ ಹಿಡಿದ ಸಮಯ ಹತ್ತು ನಿಮಿಷ, ಬೇಕಾದ ಸಾಮಾನು ಎರಡು ಕಣ್ಣು.

ವಾಟರ್ ಪಂಪಿನ ಕೆಳಗೆ ಬೆರಳಾಡಿಸಿ ಒದ್ದೆ ಇದೆಯಾ ನೋಡಿದರು. ಬೆಲ್ಟ್ ಒತ್ತಿ ನೋಡಿದರು. ಕ್ಯಾಪಿನ ರಬ್ಬರ್ ಮಾತ್ರ ಒಣಗಿ ಸೀಳಿತ್ತು. ಹಾಗಿದ್ದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಮೈಸೂರು ಸಮುದ್ರ ಮಟ್ಟದಿಂದ 700 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ನಾಯಂಡಹಳ್ಳಿಯಲ್ಲಿ ಹಬೆ ಎದ್ದದ್ದರಲ್ಲಿ ಈ ಕ್ಯಾಪಿನ ಪಾಲೂ ಇತ್ತು ಅಂತ ಆಗ ಹೊಳೆಯಿತು.

ಹೊಸ ಕ್ಯಾಪ್ ತರಿಸಿ ಮುಚ್ಚಿ, ಇಂಜಿನ್ ಓಡಲು ಬಿಟ್ಟು ಕಾದೆವು. ಮುಳ್ಳು ಐದು ದಾಟಿತು. ಫ್ಯಾನ್ ಶುರುವಾಯಿತು. ಭಾಯ್ ತಲೆ ವಾರೆ ಮಾಡಿಕೊಂಡು ಅದರ ಸದ್ದು ಕೇಳಿದರು. ಸ್ಟೆತಸ್ಕೋಪ್ ಒಂದು ಇರಲಿಲ್ಲ. ಕೆಲಸದ ಹುಡುಗನಿಗೆ ಪೇಪರ್ ತಾ ಅಂದರು. ಅವನು ಹುಡುಕುತ್ತಿದ್ದ. ಅಷ್ಟರಲ್ಲಿ ಕೈಯಲ್ಲಿದ್ದ ನನ್ನ ಚಾರ್ಟನ್ನೇ ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮುಂದೆ ಇಳಿಬಿಟ್ಟರು.

ಹನ್ನೆರಡು ದಿನದ ಚಾರ್ಟ್ ಮೇಲಕ್ಕೆ ಹಾರಿ, ಟೈರ್ ಅಂಗಡಿ ಮುಂದಿನ ನೀರಿನ ತೊಟ್ಟಿ ಪಕ್ಕ ಹೋಗಿ ಬಿತ್ತು.

"ನೋಡಿ," ಅಂದರು ಭಾಯ್. "ಪೇಪರ್ ಅಂಟ್ಕೋಬೇಕು. ಇದು ಓಡಿಹೋಗ್ತದೆ."

ಈ ಗಾಡಿಯಲ್ಲಿ ಫ್ಯಾನ್ ಇರುವುದು ರೇಡಿಯೇಟರಿನ ಹಿಂದೆ, ಇಂಜಿನ್ ಕಡೆ. ಅದು ಹೊರಗಿನ ಗಾಳಿಯನ್ನು ರೇಡಿಯೇಟರಿನ ಮೂಲಕ ಒಳಕ್ಕೆ ಎಳೆಯಬೇಕು. ನನ್ನದು ಉಲ್ಟಾ ತಿರುಗುತ್ತಿತ್ತು. ಇಂಜಿನ್ ಹತ್ತಿರ ಕಾದಿದ್ದ ಬಿಸಿ ಗಾಳಿಯನ್ನೇ ಎತ್ತಿ ರೇಡಿಯೇಟರಿಗೆ ಊದುತ್ತಿತ್ತು. ಜ್ವರ ಬಂದವರಿಗೆ ಒದ್ದೆ ಬಟ್ಟೆ ಇಡುವ ಬದಲು ಕಂಬಳಿ ಹೊದಿಸಿದ ಹಾಗೆ. ರಸ್ತೆಯಲ್ಲಿ ಓಡುವಾಗ ಎದುರು ಗಾಳಿ ತಾನಾಗಿ ನುಗ್ಗುತ್ತದೆ, ಫ್ಯಾನಿನ ಹಂಗಿಲ್ಲ. ನಿಂತಾಗ ಇರುವುದು ಫ್ಯಾನ್ ಒಂದೇ, ಅದೇ ತಿರುಗಿ ಬಿದ್ದಿತ್ತು. ಚಾರ್ಟಿನಲ್ಲಿ ಫ್ಯಾನ್ ಬಂದ ಮೇಲೆ ಮುಳ್ಳು ಬೇಗ ಏರಿದ್ದು ತಪ್ಪು ಬರಹ ಅಲ್ಲ, ಅದೇ ಕಾಯಿಲೆ.

ಹೀಗೆ ಆಗಿದ್ದು ಹೇಗೆ ಅಂತ ಕೇಳಿದೆ. ಲೋಕಲ್ ಮೋಟಾರಿನ ಕನೆಕ್ಟರ್ ಗಾಡಿಯ ಕನೆಕ್ಟರಿಗೆ ಕೂರದೆ ಇದ್ದಾಗ, ಎರಡೂ ಕತ್ತರಿಸಿ ವೈರಿಗೆ ವೈರು ಸುತ್ತಿ ಟೇಪ್ ಹಾಕಿದ್ದರು. ಪ್ಲಸ್ಸು ಮೈನಸ್ಸು ಅದಲು ಬದಲು. ಬಲ್ಬ್ ಆದರೆ ಹೇಗೆ ಕೊಟ್ಟರೂ ಉರಿಯುತ್ತದೆ. ಒಳಗೆ ಮ್ಯಾಗ್ನೆಟ್ ಇರುವ ಇಂಥ ಮೋಟಾರು ಅದಲು ಬದಲು ಕೊಟ್ಟರೆ ಹಿಂದಕ್ಕೆ ತಿರುಗುತ್ತದೆ. ಫ್ಯೂಸ್ ಹೋಗುವುದಿಲ್ಲ, ವಾಸನೆ ಬರುವುದಿಲ್ಲ. ಮೇಲಿಂದ ನೋಡಿದವರಿಗೆ ಫ್ಯಾನ್ ಚೆನ್ನಾಗಿ ಓಡುತ್ತಿದೆ. ಸದ್ದು ಮಾತ್ರ ಸ್ವಲ್ಪ ಬೇರೆ, ಗಾಳಿಗಿಂತ ಗಲಾಟೆ ಜಾಸ್ತಿ. ಅದು ಅವರ ಕಿವಿಗೆ ಗೊತ್ತಾಯಿತು, ನನಗೆ ಈಗಲೂ ಗೊತ್ತಾಗುವುದಿಲ್ಲ.

ಟೇಪ್ ಬಿಚ್ಚಿ ವೈರ್ ಅದಲು ಬದಲು ಮಾಡಲು ಐದು ನಿಮಿಷ. ಹುಡುಗ ಎತ್ತಿಕೊಂಡು ಬಂದ ಚಾರ್ಟನ್ನೇ ಮತ್ತೆ ಹಿಡಿದರು. ಈ ಸಲ ಪಟ್ ಅಂತ ರೇಡಿಯೇಟರಿಗೆ ಅಂಟಿಕೊಂಡಿತು. ಕೈ ಬಿಟ್ಟರೂ ಬೀಳಲಿಲ್ಲ. ಕೂಡಲೇ ಎಳೆದು ತೆಗೆದರು, ಇಟ್ಟುಕೊಂಡರೆ ಗಾಳಿ ಕಟ್ಟುತ್ತದೆ. ನಾನು ವಾಚ್ ನೋಡುತ್ತಾ ನಿಂತೆ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಫ್ಯಾನ್ ತಾನಾಗಿ ನಿಂತಿತು. ಮುಳ್ಳು ನಾಲ್ಕು. ಮೂರು ನಿಮಿಷ ಬಿಟ್ಟು ಮತ್ತೆ ಬಂತು, ಮತ್ತೆ ನಿಂತಿತು. ಆ ಬಿಸಿಲಿನಲ್ಲಿ ಅರ್ಧ ಗಂಟೆ ಹಾಗೇ ಓಡಲು ಬಿಟ್ಟರು. ನನಗೇ ಪೆಟ್ರೋಲ್ ನೆನಪಾಗಿ ಸಾಕು ಭಾಯ್ ಅಂದೆ.

ಥರ್ಮೋಸ್ಟ್ಯಾಟ್ ತೆಗೆದಿದ್ದಾರೆ ಅಂದಾಗ ಮಾತ್ರ ಮುಖ ಗಂಟಿಕ್ಕಿದರು. ತಣ್ಣನೆ ಇಂಜಿನ್ ಬೇಗ ಬಿಸಿಯಾಗಲಿ ಅಂತ ನೀರನ್ನು ತಡೆದು, ಬಿಸಿಯಾದ ಮೇಲೆ ಬಿಡುವ ಬಾಗಿಲು ಅದು. ಬಾಗಿಲು ಜಾಮ್ ಆಗಿದೆಯಾ ತಿಳಿಯಲು ಬಿಸಿ ನೀರಿನ ಪಾತ್ರೆಗೆ ಹಾಕಿ ತೆರೆಯುತ್ತದಾ ನೋಡಿದರೆ ಸಾಕಂತೆ. ಮನೆಯಲ್ಲಿ ನಾನೇ ನೋಡಿದೆ. ಸ್ಟವ್ ಮೇಲೆ ನೀರು ಕುದಿಯುವ ಮೊದಲೇ ಅಂಗೈ ಅಗಲಿಸಿದ ಹಾಗೆ ತೆರೆಯಿತು. ಚೆನ್ನಾಗಿದ್ದ ಸಾಮಾನನ್ನು ತೆಗೆದು ಕೈಗೆ ಕೊಟ್ಟಿದ್ದರು. ಮಾರನೇ ದಿನ ಹೊಸ ಪ್ಯಾಕಿಂಗ್ ಹಾಕಿ ಅದನ್ನು ಕೂರಿಸಿ, ಒಂದೂ ಮುಕ್ಕಾಲು ಲೀಟರ್ ಕೂಲೆಂಟ್, ಅಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ, ಗಾಳಿ ಹೋಗುವವರೆಗೆ ಇಂಜಿನ್ ಓಡಿಸಿ ಕೊಟ್ಟರು. ಫ್ಯಾನ್ ಕೆಲಸಕ್ಕೆ 350. ಕ್ಯಾಪು, ಪ್ಯಾಕಿಂಗು, ಕೂಲೆಂಟು ನಾನೇ ತಂದದ್ದರ ಬೆಲೆ ಬೇರೆ. ಮಾರನೇ ದಿನದ ಮಜೂರಿ 200.

ಇಷ್ಟು ಹೊಗಳಿದ ಮೇಲೆ ದೂರುಗಳನ್ನೂ ಹೇಳಬೇಕು, ಇವೆ.

ಕೂರಲು ಜಾಗವಿಲ್ಲ. ಒಂದು ಬ್ಯಾಟರಿ ಡಬ್ಬ ಇದೆ, ಅದರ ಮೇಲೆ ಕೂತು ನನ್ನ ಒಂದು ಸೀರೆಗೆ ಆಸಿಡ್ ತೂತು ಬಿದ್ದಿದೆ. ಬಿಲ್ ಕೊಡುವುದಿಲ್ಲ. ಕೇಳಿದರೆ ಕ್ಯಾಲೆಂಡರ್ ಹಾಳೆ ಹಿಂದೆ ಬರೆದುಕೊಡುತ್ತಾರೆ. ಫೋನ್ ಎತ್ತುವುದೇ ಇಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿದರೆ ಮತ್ತೆ ತೆಗೆಯುವುದು ಮೂರರ ಮೇಲೆ, ಕೆಲವು ಶುಕ್ರವಾರ ತೆಗೆಯುವುದೇ ಇಲ್ಲ. ಕ್ಯಾಪಿನ ಒತ್ತಡ ಅಳೆಯುವ ಸಾಧನ ಅವರ ಹತ್ತಿರ ಇಲ್ಲ, ರಬ್ಬರ್ ನೋಡಿಯೇ ಹೇಳುತ್ತಾರೆ. ನನ್ನ ಕ್ಯಾಪ್ ಸೀಳಿತ್ತು, ಸರಿ. ಒಳಗಿನ ಸ್ಪ್ರಿಂಗ್ ಸೋತಿದ್ದರೆ ಕಣ್ಣಿಗೆ ಕಾಣುತ್ತಿರಲಿಲ್ಲ.

ದೊಡ್ಡ ದೂರು ಇನ್ನೊಂದು. ವೈರ್ ಅದಲು ಬದಲು ಮಾಡಿ ಅವರೂ ಟೇಪನ್ನೇ ಸುತ್ತಿದ್ದರು! ಬೇರೆಯವರ ಟೇಪ್ ಕೆಲಸಕ್ಕೆ ನಕ್ಕವರು ತಾವೂ ಅದೇ ಮಾಡಿದರು. ಮೂರು ವಾರಕ್ಕೆ ಇಂಜಿನ್ ಬಿಸಿಗೆ ಟೇಪ್ ಬಿಟ್ಟುಕೊಂಡು, ಒಂದು ದಿನ ಆಸ್ಪತ್ರೆ ಗೇಟಿನಲ್ಲಿ ಫ್ಯಾನ್ ಬರಲೇ ಇಲ್ಲ. ಈ ಸಲ ನಾನು ಮುಳ್ಳು ಆರಕ್ಕೆ ಹೋಗುವ ಮೊದಲೇ ಆಫ್ ಮಾಡಿದೆ. ಹೋಗಿ ಜಗಳವಾಡಿದೆ. ತಪ್ಪಾಯ್ತು ಸಿಸ್ಟರ್ ಅಂದು (ಅಷ್ಟರಲ್ಲಿ ಮೇಡಂ ಹೋಗಿ ಸಿಸ್ಟರ್ ಆಗಿದ್ದೆ) ಬೆಸುಗೆ ಹಾಕಿ, ಸರಿಯಾದ ಕನೆಕ್ಟರ್ ಕೂರಿಸಿ, ದುಡ್ಡು ತಗೊಳ್ಳಲಿಲ್ಲ. ನೀವು ಹೋದರೆ ಮೊದಲೇ ಹೇಳಿ, ಟೇಪ್ ಬೇಡ ಕನೆಕ್ಟರ್ ಹಾಕಿ ಅಂತ. ನೂರು ಜಾಸ್ತಿ ಕೇಳಬಹುದು, ಕೊಡಿ.

ಆಮೇಲೆ, ಎಲ್ಲ ಹಳೇ ಗಾಡಿಯ ಕಾಯಿಲೆಯೂ ಇದೇ ಅಂತ ತಿಳಿಯಬೇಡಿ. ನಮ್ಮ ತಮ್ಮನ ಗಾಡಿಯದೂ ನಿಂತಾಗ ಬಿಸಿಯಾಗುತ್ತಿತ್ತು. ಪೇಪರ್ ಹಿಡಿದು ನೋಡಿ ಅಕ್ಕನ ಥರ ಸರಿಮಾಡುತ್ತೇನೆ ಅಂತ ಹೊರಟ. ಅವನ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಭಾಯ್ ಅದರ ಥರ್ಮೋ ಸ್ವಿಚ್ಚಿನ (ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಸ್ವಿಚ್) ಪ್ಲಗ್ ಎಳೆದು, ಎರಡು ತುದಿಗೂ ಒಂದು ತುಂಡು ವೈರ್ ಸೇರಿಸಿದರು. ಫ್ಯಾನ್ ತಿರುಗಿತು. ಅಂದರೆ ಮೋಟಾರು, ಫ್ಯೂಸು, ರಿಲೇ ಎಲ್ಲ ಸರಿ, ಸ್ವಿಚ್ ಸತ್ತಿದೆ. ಹಾಗೆ ಮಾಡಿಯೂ ತಿರುಗದಿದ್ದರೆ ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ ಕರೆಂಟ್ ಕೊಟ್ಟು ನೋಡುತ್ತಾರಂತೆ. ಹೊಸ ಗಾಡಿಗಳಲ್ಲಿ ಫ್ಯಾನನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅವಕ್ಕೆ ಹೀಗೆ ವೈರ್ ಚುಚ್ಚಬೇಡಿ ಅಂತ ಭಾಯ್ ಎರಡು ಸಲ ಹೇಳಿದ್ದಾರೆ. ಬಾನೆಟ್ ತೆಗೆದು ನೋಡುವಾಗ ಫ್ಯಾನಿನ ಹತ್ತಿರ ಸೆರಗು, ವೇಲ್, ಬೆರಳು ಯಾವುದೂ ಬೇಡ. ಇಂಜಿನ್ ಆಫ್ ಮಾಡಿದ ಮೇಲೂ ಕೆಲವು ಗಾಡಿಗಳಲ್ಲಿ ಅದು ತಾನಾಗಿ ತಿರುಗುತ್ತದೆ.

ಟ್ರಾಫಿಕ್ಕಿನಲ್ಲಿ ಸಿಕ್ಕಾಗ ಏನು ಮಾಡಲಿ ಅಂತಲೂ ಕೇಳಿದ್ದೆ. ಹೀಟರ್ ಇರುವ ಗಾಡಿಯಾದರೆ ಫುಲ್ ಇಟ್ಟು ಕಿಟಕಿ ಇಳಿಸಿ, ಇಂಜಿನಿನ ಬಿಸಿ ಸ್ವಲ್ಪ ಒಳಕ್ಕೆ ಎಳೆಯುತ್ತದೆ, ನೀವು ಬೇಯುತ್ತೀರಿ ಗಾಡಿ ಉಳಿಯುತ್ತದೆ ಅಂದರು. ಎಸಿ ಇದ್ದರೆ ಆಫ್. ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್. ಮನೆ ಹತ್ತಿರ ಇದೆ, ಹೋಗಿಬಿಡೋಣ ಅಂತ ಓಡಿಸಿದವರದೇ ಹೆಡ್ ಬಾಗುವುದಂತೆ. ಆಗ 18,500 ನಿಜವಾಗುತ್ತದೆ.

ಈಗ ಒಂದು ವರ್ಷದ ಮೇಲಾಯಿತು. ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದೆ. ನಾಯಂಡಹಳ್ಳಿಯಲ್ಲಿ ಒಮ್ಮೆ ನಲವತ್ತು ನಿಮಿಷ ನಿಂತಿದ್ದೆ, ಮುಳ್ಳು ಐದು ದಾಟಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಟೇಪಿಗೆ, ಸೀರೆಗೆ ಅಲ್ಲ.

ಹೋಗುವವರು ಹತ್ತರೊಳಗೆ ಹೋಗಿ, ಕೂರಲು ಏನಾದರೂ ತಗೊಂಡು ಹೋಗಿ. ಗಾಡಿಗೆ ಹಿಂದೆ ಏನೇನು ಮಾಡಿಸಿದ್ದೀರಿ ಅಂತ ಬರೆದುಕೊಂಡು ಹೋದರೆ ಅವರು ಖಂಡಿತ ಓದುತ್ತಾರೆ. ನನ್ನದು ಇನ್ನೊಂದು ಕೆಲಸ ಬಾಕಿ ಇದೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನೇ ಹೊಡೆದುಕೊಳ್ಳುತ್ತದೆ. ಸೋಮವಾರ ಬನ್ನಿ ಅಂದಿದ್ದಾರೆ, ಯಾವ ಸೋಮವಾರ ಅಂತ ಹೇಳಿಲ್ಲ.